ಡಿಸ್ಕ್ ಸೊನ್ನೆ

ಮಾರ್ಚ್ 3, ಸೋಮವಾರ

ಹನ್ನೆರಡನೇ ಡಿಸ್ಕ್ ಸ್ಲಾಟಿನಲ್ಲಿ ಕೂರಲಿಲ್ಲ. ಹೊರಗೆಳೆದು, ಊದಿ, ಮತ್ತೆ ತಳ್ಳಿದೆ. ಕೂತಿತು. ಹಸಿರು ದೀಪ. ಇನ್ನು ಹನ್ನೆರಡು ನಾಳೆಗೆ. ಸೊಂಟ ಹಿಡಿದುಕೊಂಡಿದೆ.

ಸ್ಟೋರೇಜ್ ಪೆಟ್ಟಿಗೆ ತುಂಬುತ್ತ ಬಂದಿದೆ. ಇಡೀ ಆಸ್ಪತ್ರೆಯ ಸ್ಕ್ಯಾನ್ ಚಿತ್ರಗಳೆಲ್ಲ ಅದರೊಳಗೇ. ಅದಕ್ಕೆ ಹೊಸ ಡಿಸ್ಕ್ ಸೇರಿಸಬೇಕು. ಹಳೆ ಸ್ಕ್ಯಾನ್ ಸರ್ವರ್ ತೆಗೆದು ಹೊಸದನ್ನು ಜೋಡಿಸಬೇಕು. ಎಲ್ಲ ಶನಿವಾರದೊಳಗೆ. ತಾರೀಕು ಗೊತ್ತುಮಾಡಿದವನು ಸರ್ಟಿಫಿಕೇಟ್.

ಸರ್ಟಿಫಿಕೇಟ್ ಅಂದರೆ ನನ್ನ ತಲೆಯ ಮೇಲೆ ಬಂದು ಕೂತವನು. ಎರಡು ತಿಂಗಳಾಯಿತು. ಏನು ಕೇಳಿದರೂ "ನಾನು ಅದ್ರಲ್ಲಿ ಸರ್ಟಿಫೈಡ್ ಮೇಡಂ." ಹನ್ನೊಂದು ವರ್ಷ ಈ ಸರ್ವರ್ ಕೋಣೆಯ ಎಸಿ ಗಾಳಿಗೆ ಮೂಳೆ ಕೊಟ್ಟವಳು ನಾನು. ಆ ಕುರ್ಚಿ ನಿಮಗೇ ಅಂತ ಮ್ಯಾನೇಜರ್ ಎರಡು ಸಲ ಹೇಳಿದ್ದರು. ಮೂರನೇ ಸಲ ಇವನನ್ನು ಕರೆತಂದು ಪರಿಚಯ ಮಾಡಿಸಿದರು.

ಇವತ್ತು ಬಾಗಿಲಲ್ಲೇ ನಿಂತು ನೋಡಿಹೋದ. ಕೈ ಹಾಕಲಿಲ್ಲ. ಬೆರಳಿಗೆ ಧೂಳಾದೀತು.

ಮಾರ್ಚ್ 5, ಬುಧವಾರ

ಮೀಟಿಂಗ್. ಎರಡು ಮಾತು ಹೇಳಿದೆ. ಎರಡಕ್ಕೂ ಮಂಗಳಾರತಿ.

ಒಂದು— ಸ್ಕ್ಯಾನ್ ಚಿತ್ರಗಳನ್ನು ಟೇಪಿಗೆ ನಕಲು ತೆಗೆಯುವುದು ಫೆಬ್ರವರಿ ಹದಿನೇಳರಿಂದ ನಿಂತಿದೆ. ಮೊದಲು ಅದಾಗಲಿ. ಮ್ಯಾನೇಜರ್ ಫೋನಿನಿಂದ ಕಣ್ಣೆತ್ತಲಿಲ್ಲ. "ಅದು ಓಡ್ತಿದ್ರೆ ಎಲ್ಲಾ ನಿಧಾನ ಆಗುತ್ತೆ. ಇದು ಮುಗೀಲಿ, ಆಮೇಲೆ ನೋಡೋಣ." ಮೇಲ್ ಕೂಡ ಕಳಿಸಿದ್ದೆ, ಎರಡು ಸಲ. ಓದಿದವರಾರು.

ಎರಡು— ಹೊಸ ಸರ್ವರಿಗೆ ಅದನ್ನು ನಡೆಸುವ ತಂತ್ರಾಂಶ, ಓಎಸ್, ಹಾಕುವಾಗ ಸ್ಟೋರೇಜಿನ ಕೇಬಲ್ ಕಿತ್ತಿಡೋಣ. ಓಎಸ್ ಒಳಗೆ ಕೂತ ಮೇಲೆ ಚುಚ್ಚಿದರಾಯಿತು. ಇನ್‌ಸ್ಟಾಲರ್ ಕಣ್ಣಿಗೆ ಕಂಡ ಡಿಸ್ಕನ್ನೆಲ್ಲ ಪಟ್ಟಿಗೆ ಹಾಕುತ್ತದೆ. ಅದಕ್ಕೆ ಯಾವುದು ಖಾಲಿ, ಯಾವುದರಲ್ಲಿ ಜನರ ಜೀವ ಇದೆ ಅಂತ ಗೊತ್ತಾಗುವುದಿಲ್ಲ.

ಸರ್ಟಿಫಿಕೇಟ್ ನಕ್ಕ. "ಅದೆಲ್ಲ ಅಜ್ಜಿ ಕಾಲದ ಭಯ ಮೇಡಂ. ಈಗ ಇನ್‌ಸ್ಟಾಲರ್‌ಗೆ ಬುದ್ಧಿ ಇದೆ."

"ಇನ್‌ಸ್ಟಾಲರ್‌ಗಿದೆ" ಅಂದೆ.

ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಕಿವಿ ಕೆಂಪಾಯಿತು. ಆಮೇಲೆ ಮ್ಯಾನೇಜರ್ ಕಡೆ ತಿರುಗಿ, ಬೆಣ್ಣೆಯಂಥ ದನಿಯಲ್ಲಿ— "ಮೇಡಂ ಕೈ ಕೆಲಸ ತುಂಬಾ ನೀಟು ಸರ್. ಕೇಬಲ್‌ಗೆ ಲೇಬಲ್ ಅಂಟಿಸೋದು ಅವ್ರಿಗೇ ಇರ್ಲಿ. ಕಾನ್ಫಿಗರೇಶನ್ ನಾನು ನೋಡ್ಕೋತೀನಿ."

ಮ್ಯಾನೇಜರೂ ನಕ್ಕರು. ಲೇಬಲ್ ಅಂಟಿಸುವವಳು. ಹನ್ನೊಂದು ವರ್ಷಕ್ಕೆ ಬಡ್ತಿ.

ಮನೆಗೆ ಬಂದು ತಂಗಿಯ ಮುಂದೆ ಕಾರಿದೆ. ಅವಳೂ ಅದೇ ಆಸ್ಪತ್ರೆ— ಸ್ಕ್ಯಾನ್ ಟೆಕ್ನಿಷಿಯನ್. ಒಂದೇ ಬಾಡಿಗೆ ಮನೆ, ಒಂದೇ ಸ್ಟೌವು, ಇಬ್ಬರಿಗೂ ಮದುವೆಯ ಗೊಡವೆ ಇಲ್ಲ. ಸೊಪ್ಪು ಬಿಡಿಸುತ್ತ ಕೇಳಿದಳು. ಕೊನೆಗೆ—

"ನಿಂಗೆ ಯಾರನ್ ಕಂಡ್ರೆ ಆಗುತ್ತೆ ಹೇಳು ಅಕ್ಕ. ಹಿಂದೆ ಇದ್ದೋನಿಗೂ ಹೆಸರಿಟ್ಟಿದ್ದೆ. ಅದರ ಹಿಂದಿನೋನಿಗೂ."

"ಹೌದು ಮಹಾತಾಯಿ. ಲೋಕಕ್ಕೆಲ್ಲ ಸರಿ, ನಾನೊಬ್ಳೇ ಸೊಟ್ಟ."

"ಸೊಟ್ಟ ಅಲ್ಲ. ಮುಳ್ಳು."

ಊಟ ಬಡಿಸಿಕೊಂಡು ಕೋಣೆಗೆ ಬಂದೆ. ಉಪ್ಪು ಹೆಚ್ಚಾಗಿತ್ತು. ಹೇಳಲಿಲ್ಲ. ಹೇಳಿದರೆ ಅದೂ ಮುಳ್ಳು.

ಮಾರ್ಚ್ 7, ಶುಕ್ರವಾರ, ಸಂಜೆ 5.30

ನಾಲ್ಕು ಫೈಬರ್ ಕೇಬಲ್. ನಾಲ್ಕಕ್ಕೂ ಎರಡು ತುದಿ. ಎಂಟು ಲೇಬಲ್. ಅಂಟಿಸಿದೆ. ನೀಟಾಗಿ.

ಆಮೇಲೆ ಸುಮ್ಮನೆ, ನನ್ನ ಐಡಿಯಿಂದ ಸ್ಟೋರೇಜಿನ ಸ್ಕ್ರೀನ್ ತೆಗೆದೆ. ಮ್ಯಾಪಿಂಗ್ ಪಟ್ಟಿ— ಯಾವ ಡಿಸ್ಕ್ ಯಾವ ಸರ್ವರಿಗೆ ಕಾಣಬೇಕು ಅನ್ನುವುದು ಅದರಲ್ಲಿರುತ್ತದೆ. ಸ್ಕ್ಯಾನ್ ಡಿಸ್ಕಿನ ಎದುರು ಒಂದೇ ಹೆಸರಿರಬೇಕು, ಹಳೆ ಸರ್ವರಿನದು. ಎರಡಿದ್ದವು. ಹೊಸ ಸರ್ವರಿಗೂ ಈಗಲೇ ಕೊಟ್ಟುಬಿಟ್ಟಿದ್ದಾನೆ. ನಾಳೆ ಸಮಯ ಉಳಿಯಲಿ ಅಂತ.

ಅಂದರೆ ನಾಳೆ ಓಎಸ್ ಹಾಕುವಾಗ ಆಸ್ಪತ್ರೆಯ ಅಷ್ಟೂ ಚಿತ್ರಗಳಿರುವ ಡಿಸ್ಕ್ ಆ ಪರದೆಯಲ್ಲಿ ಬರುತ್ತದೆ. ಅದೂ ಮೊದಲ ಸಾಲಿನಲ್ಲಿ. ಈ ಮಾದರಿಯ ಸರ್ವರಿನ ಚಾಳಿಯೇ ಅದು— ಹೊರಗಿನದಕ್ಕೆ ಸೊನ್ನೆ, ತನ್ನ ಹೊಟ್ಟೆಯೊಳಗಿನ ಡಿಸ್ಕಿಗೆ ಒಂದು. ಗೊತ್ತಿಲ್ಲದವರು ಸೊನ್ನೆಯನ್ನೇ ಒತ್ತುತ್ತಾರೆ. ನಾನೂ ಒಮ್ಮೆ ಒತ್ತಿದ್ದೆ. ಅದು ಖಾಲಿ ಡಿಸ್ಕು, ನನ್ನ ಪುಣ್ಯ.

ಹೊಸ ಸರ್ವರಿನ ಹೆಸರಿನ ಮುಂದಿನ ಒಂದು ಟಿಕ್ ತೆಗೆದರೆ ಸಾಕಿತ್ತು. ನಾಲ್ಕು ಸೆಕೆಂಡಿನ ಕೆಲಸ. ಅಥವಾ ಪಕ್ಕದ ಕೋಣೆಗೆ ಹೋಗಿ ಒಂದು ಮಾತು. ಫೋನಿನಲ್ಲಿ ಯಾರಿಗೋ ಹೇಳಿಕೊಂಡು ನಗುತ್ತಿದ್ದ— "ಇಲ್ಲೊಬ್ರಿದಾರೆ, ಕೇಬಲ್ ಅಜ್ಜಿ..."

ಸ್ಕ್ರೀನ್ ಮುಚ್ಚಿದೆ. ಯಾವ ಡಿಸ್ಕ್ ಎಷ್ಟು ದೊಡ್ಡದು ಅಂತ ನಾಳೆ ಪರದೆಯಲ್ಲೇ ಬರೆದಿರುತ್ತದೆ, ಕಣ್ಣಿದ್ದರೆ ಕಾಣುತ್ತದೆ. ಸರ್ಟಿಫೈಡ್ ಅಲ್ಲವೇ. ನೋಡಿಕೊಳ್ಳಲಿ.

ಮಾರ್ಚ್ 8, ಶನಿವಾರ, ಬೆಳಿಗ್ಗೆ 10.40

ಶುರು ಮಾಡಿದ್ದಾನೆ. ನಾನು ರ‍್ಯಾಕಿನ ಈಚೆ ಸ್ಟೂಲಿನ ಮೇಲೆ. ಇನ್ನೂ ಹೇಳಬಹುದು. ಕೀಬೋರ್ಡಿನ ಸದ್ದು ಕೇಳುತ್ತಿದೆ. ಶಿಳ್ಳೆ ಬೇರೆ ಹಾಕುತ್ತಿದ್ದಾನೆ.

ಮಾರ್ಚ್ 8, ಮಧ್ಯಾಹ್ನ 3

ಮೊದಲು ಬಂದದ್ದು ತಂಗಿಯ ಫೋನ್. "ಅಕ್ಕ, ಚಿತ್ರ ಯಾವ್ದೂ ತೆರೀತಿಲ್ಲ. ಡಾಕ್ಟರ್ ಬೈತಿದಾರೆ. ಏನ್ ಮಾಡ್ತಿದೀರ ಅಲ್ಲಿ?"

ಅಷ್ಟರಲ್ಲಿ ಶಿಳ್ಳೆ ನಿಂತಿತ್ತು. "ಮೇಡಂ... ಸ್ವಲ್ಪ ಬರ್ತೀರಾ?" ಎರಡು ತಿಂಗಳಲ್ಲಿ ಮೊದಲ ಸಲ ಕರೆದದ್ದು.

ಡಿಸ್ಕ್ ಸೊನ್ನೆ. ಹಳೆ ಪಾರ್ಟಿಷನ್ ಅಳಿಸಿದ್ದಾನೆ, ಫಾರ್ಮ್ಯಾಟ್ ಮಾಡಿದ್ದಾನೆ, ಅದರ ಮೇಲೇ ಓಎಸ್ ಇಳಿಯುತ್ತಿದೆ. ನೂರಕ್ಕೆ ಮೂವತ್ತೊಂದು.

"ಫ್ಯಾಕ್ಟರಿಯಿಂದ ಏನೋ ತುಂಬಿಸಿ ಕಳಿಸಿದಾರೆ ಅಂದ್ಕೊಂಡೆ" ಅಂದ. ಮುಖದಲ್ಲಿ ರಕ್ತವಿರಲಿಲ್ಲ.

ಖುಷಿಯಾಯಿತು. ಬರೆದುಬಿಡುತ್ತೇನೆ, ಓದುವವರು ಯಾರಿದ್ದಾರೆ. ಮೂರೋ ನಾಲ್ಕೋ ಸೆಕೆಂಡು, ಹೊಟ್ಟೆ ತಣ್ಣಗಾಯಿತು. ಆಮೇಲೆ ಕೈ ಹೋಗಿ ಪವರ್ ಕೇಬಲ್ ಎಳೆಯಿತು.

ಮಾರ್ಚ್ 10, ಸೋಮವಾರ

ಟೇಪಿನಿಂದ ಫೆಬ್ರವರಿ ಹದಿನೇಳರವರೆಗಿನದು ವಾಪಸ್ ಬರುತ್ತಿದೆ. ನಂತರದ ಹತ್ತೊಂಬತ್ತು ದಿನ ಇಲ್ಲ. ಅಳಿಸಿದ್ದನ್ನು ಹುಡುಕಿ ಕೊಡುವವರನ್ನು ಕರೆಸಿದ್ದರು. ನೋಡಿ, ತಲೆಯಾಡಿಸಿ ಹೋದರು. ಚಿತ್ರಗಳಿದ್ದ ಜಾಗದ ಮೇಲೆ ಓಎಸ್ ಬರೆದಾಗಿದೆ.

ಸಾವಿರದ ನೂರಕ್ಕೂ ಹೆಚ್ಚು ಜನ. ಒಬ್ಬೊಬ್ಬರಿಗೂ ಫೋನ್ ಮಾಡಿ ಮತ್ತೆ ಕರೆಸುವ ಕೆಲಸ ತಂಗಿಯ ವಿಭಾಗಕ್ಕೆ ಬಿದ್ದಿದೆ. ಇವತ್ತು ಕೌಂಟರಿನಲ್ಲಿ ಯಾರೋ ಒಬ್ಬ ಫೈಲನ್ನು ಅವಳ ಮುಖಕ್ಕೇ ಎಸೆದನಂತೆ. ಕೆನ್ನೆಯ ಮೇಲೆ ಕಾಗದದ ಗೀರು. ಮನೆಗೆ ಬಂದು ಚಪ್ಪಲಿ ಬಿಚ್ಚದೆ ಕೂತಿದ್ದಳು.

"ಯಾರೋ ಮಾಡಿದ್ದಕ್ಕೆ ನಾನು ಉಗಿಸ್ಕೋಬೇಕು" ಅಂದಳು. "ಅವ್ನ ಕೈ ಮುರೀಬೇಕು ಅಕ್ಕ."

"ಮುರೀಬೇಕು" ಅಂದೆ.

ಮಾರ್ಚ್ 12, ಬುಧವಾರ

ತಂಗಿ ಹೇಳಿದ್ದು. ಒಬ್ಬ ಬಸ್ ಡ್ರೈವರ್. ಒಂದು ಕಿಡ್ನಿ ಮೊದಲೇ ಸೋತಿದೆ. ಕೆಲಸ ಮಾಡುತ್ತಿರುವ ಇನ್ನೊಂದರಲ್ಲಿ ಗಡ್ಡೆ. ಗಡ್ಡೆಯನ್ನಷ್ಟೇ ಬಿಡಿಸಿ ಕಿಡ್ನಿ ಉಳಿಸಬೇಕು ಅಂತ ಸರ್ಜನ್ ಲೆಕ್ಕಾಚಾರ. ಅದಕ್ಕೆ ಬಣ್ಣದ ಔಷಧಿ ಏರಿಸಿ, ರಕ್ತನಾಳ ಒಂದೊಂದೂ ಕಾಣುವ ಹಾಗೆ ಸ್ಕ್ಯಾನ್ ತೆಗೆದಿದ್ದರು. ತೆಗೆದವಳು ಇವಳೇ, ಫೆಬ್ರವರಿ ಇಪ್ಪತ್ತಾರಕ್ಕೆ. ಆ ಔಷಧಿಗೇ ಆತ ಎರಡು ದಿನ ಒದ್ದಾಡಿಬಿಟ್ಟನಂತೆ.

"ಮತ್ತೆ ತೆಗೀಬಹುದಲ್ಲ?"

"ತೆಗೆಯೋ ಹಾಗಿಲ್ಲ. ಇನ್ನೊಂದ್ ಸಲ ಆ ಔಷಧಿ ಕೊಟ್ರೆ ಇರೋ ಕಿಡ್ನಿನೂ ನಿಲ್ಲುತ್ತೆ ಅಂತಾರೆ. ಔಷಧಿ ಇಲ್ದೆ ತೆಗೆದ್ವಿ ಇವತ್ತು. ಮಂಜು ಮಂಜು. ನಾಳ ಎಲ್ಲಿ ಹೋಗಿದೆ ಅಂತಾನೇ ಗೊತ್ತಾಗ್ತಿಲ್ಲ."

"ಮುಂದಕ್ಕೆ ಹಾಕ್ಲಿ."

"ಗಡ್ಡೆ ಮುಂದಕ್ಕೆ ಹಾಕ್ಕೊಳುತ್ತಾ?"

ಆತನ ಹೆಂಡತಿ ದಿನಾ ಬಂದು ಕೇಳುತ್ತಾಳಂತೆ. ಕೂಗಾಡುವುದಿಲ್ಲ. "ಸಿಕ್ತಾ ಮೇಡಂ?" ಅಂತಷ್ಟೇ. ಏನೋ ಕೊಡೆ ಮರೆತುಹೋದವರು ಕೇಳುವ ಹಾಗೆ.

ಮಾರ್ಚ್ 19, ಬುಧವಾರ

ಆರು ದಿನ ಬರೆಯಲಿಲ್ಲ.

ನಿನ್ನೆ ಡ್ರೈವರನ ಆಪರೇಶನ್ ಆಯಿತು. ಆರು ಗಂಟೆ. ಒಳಗೆ ಹೋದ ಮೇಲೆ ನಾಳ ಕೈಗೆ ಸಿಕ್ಕಲಿಲ್ಲ, ರಕ್ತ ನಿಲ್ಲಲಿಲ್ಲ. ಜೀವ ಉಳಿಸಲು ಇಡೀ ಕಿಡ್ನಿ ತೆಗೆದರು. ಬದುಕಿದ್ದಾನೆ. ವಾರಕ್ಕೆ ಮೂರು ಸಲ ಡಯಾಲಿಸಿಸ್, ಇನ್ನು ಮೇಲೆ ಯಾವಾಗಲೂ. ಬಸ್ ಮುಗಿಯಿತು.

ತಂಗಿ ತಟ್ಟೆ ಮುಂದಿಟ್ಟುಕೊಂಡು ಇದನ್ನೆಲ್ಲ ಹೇಳಿದಳು. ಕೊನೆಗೆ ಮತ್ತೆ ಅವನನ್ನು ಶಪಿಸಿದಳು. ನನ್ನ ಬಾಯಿಂದ ಬಂದುಬಿಟ್ಟಿತು—

"ನಂಗೆ ಗೊತ್ತಿತ್ತು."

"ಏನು?"

"ಶುಕ್ರವಾರ ಸಂಜೆನೇ ನೋಡಿದೆ. ತಪ್ಪು ಮಾಡಿಟ್ಟಿದ್ದ. ಹೇಳ್ಲಿಲ್ಲ."

ನೀರಿನ ಲೋಟ ಎತ್ತಿದವಳು ಹಾಗೇ ಇಳಿಸಿದಳು. "ಮರೆತ್ಯಾ?"

"ಇಲ್ಲ."

ಬೈಯುತ್ತಾಳೆ ಅಂತ ಕಾದೆ. ಬೈದಿದ್ದರೆ ನನಗೂ ಬಾಯಿತ್ತು. "ಅವತ್ತು ನೀನೂ ನಾನೂ ಒಟ್ಟಿಗೆ ಊಟ ಮಾಡಿದ್ವಿ" ಅಂದಳು. "ಅಷ್ಟು ಹೊತ್ತೂ ಗೊತ್ತಿತ್ತು ನಿಂಗೆ. ನನಗಾದ್ರೂ ಒಂದ್ ಮಾತು..."

ತಟ್ಟೆ ತೊಳೆದಿಟ್ಟು ಕೋಣೆಗೆ ಹೋದಳು. ಚಿಲಕ ಹಾಕಿದ ಸದ್ದು. ಆ ಬಾಗಿಲಿಗೆ ಚಿಲಕ ಇರುವುದೇ ನನಗೆ ಮರೆತಿತ್ತು.

ಮಾರ್ಚ್ 20, ಗುರುವಾರ

ಮೆಟ್ಟಿಲಲ್ಲಿ ಸರ್ಟಿಫಿಕೇಟ್ ಸಿಕ್ಕಿದ. ಅಮಾನತಿನಲ್ಲಿದ್ದಾನೆ, ಸೋಮವಾರ ವಿಚಾರಣೆ. ಗಡ್ಡ ಬೋಳಿಸಿಲ್ಲ. ದಾಟಿಹೋಗಲು ನೋಡಿದೆ.

"ಲಾಗ್ ನೋಡಿದೆ ಮೇಡಂ. ಶುಕ್ರವಾರ ನಾಲ್ಕು ಐವತ್ತೆರಡು. ನಿಮ್ಮ ಐಡಿ. ಒಂಬತ್ ನಿಮಿಷ ಆ ಪಟ್ಟಿ ಮೇಲೇ ಇದ್ರಿ."

ದಾಟಲು ಹೊರಟವಳು ನಿಂತೆ. ಬಾಯಿಗೇನೂ ಕೊರತೆಯಾಗಲಿಲ್ಲ. "ಹೋಗಿ ಹೇಳು ಹಾಗಾದ್ರೆ."

"ಹೇಳಲ್ಲ."

"ಯಾಕೆ? ದೊಡ್ ಮನುಷ್ಯ ಆಗೋದಕ್ಕಾ?"

"ಅಲ್ಲ. ನೀವು ಹೇಳಿದ್ರೂ ನಾನು ಕೇಳ್ತಿರ್ಲಿಲ್ಲ. ನಗ್ತಿದ್ದೆ. ಅದು ನಂಗೊತ್ತು." ಗೋಡೆಗೆ ಒರಗಿ ದಾರಿ ಬಿಟ್ಟ.

ಇವನ ಮೇಲಿನ ದ್ವೇಷ ಕಡಿಮೆಯಾಗಬೇಕಿತ್ತು. ಹೆಚ್ಚಾಯಿತು. ಹೇಳಿದ್ದರೆ ನಗುತ್ತಿದ್ದ, ನಿಜ. ಆದರೆ ಟಿಕ್ ತೆಗೆಯಲು ಯಾರನ್ನು ಕೇಳಬೇಕಿತ್ತು? ಅದು ಅವನಿಗೆ ಹೊಳೆದಿಲ್ಲ. ನನಗೆ ಹೊಳೆಯುತ್ತಲೇ ಇದೆ.

ಮಾರ್ಚ್ 21, ಶುಕ್ರವಾರ

ಶುಕ್ರವಾರ ಕಂಡೂ ಹೇಳದೆ ಬಿಟ್ಟದ್ದನ್ನು ಒಂದು ಪುಟ ಬರೆದು ಮ್ಯಾನೇಜರ್ ಮೇಜಿನ ಮೇಲಿಟ್ಟೆ. ಓದಿದರು. ಬಾಗಿಲು ಹಾಕಿ ಬರಲು ಹೇಳಿದರು.

"ಏನಮ್ಮ ಇದು? ಅವನ ಹತ್ರಾನೇ ಮುಗಿಯೋದನ್ನ ಮೂರು ಜನಕ್ಕೆ ಹಚ್ತೀರಲ್ಲ."

"ಮೂರನೆಯವರು ಯಾರು ಸರ್?"

ಗಂಟಲು ಸರಿಮಾಡಿಕೊಂಡರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗಾಯಿತು. "ಇದು ಬಂದ್ರೆ ಟೇಪ್ ವಿಷಯಾನೂ ಎಳೀತಾರೆ. ಬೇಡ. ಸೋಮವಾರ ಅವನು ಹೋಗ್ತಾನೆ. ಕುರ್ಚಿ ಖಾಲಿ ಆಗುತ್ತೆ. ನಾನು ಮಾತು ಮರೆಯೋನಲ್ಲ."

ಪುಟವನ್ನು ನಾಲ್ಕು ಚೂರು ಮಾಡಿ ಬುಟ್ಟಿಗೆ ಹಾಕಿದರು. ಸರಿ ಅಂದು ಎದ್ದು ಬಂದೆ.

ಹೌದು, ಯೋಚಿಸಿದೆ. ಸಂತೆ ನಡುವೆ ನಿಂತು ಬೆಲೆ ಕಟ್ಟುವ ಹಾಗೆ ನಿಂತು ಯೋಚಿಸಿದೆ, ಕಾರಿಡಾರಿನಲ್ಲಿ, ಹತ್ತು ನಿಮಿಷ. ಆ ಕುರ್ಚಿ ಬೇಕಾಗಿತ್ತು. ಈಗಲೂ ಬೇಕು. ಆಮೇಲೆ ಪ್ರಿಂಟರಿನ ಹತ್ತಿರ ಹೋಗಿ ಇನ್ನೊಂದು ಪ್ರತಿ ತೆಗೆದೆ. ಟೇಪಿನ ಬಗ್ಗೆ ಕಳಿಸಿದ್ದ ಎರಡು ಮೇಲನ್ನೂ. ವಿಚಾರಣೆ ಮಾಡುವ ಡಾಕ್ಟರ ಕೈಗೇ ಕೊಟ್ಟು ಬಂದೆ. ಕೊಡುವಾಗ ಪುಣ್ಯವಂತೆ ಅಂತೇನೂ ಅನ್ನಿಸಲಿಲ್ಲ. ಹಲ್ಲು ಕೀಳಿಸಿಕೊಂಡ ಹಾಗಾಯಿತು.

ತಂಗಿಗೆ ಅಡುಗೆಮನೆಯಲ್ಲಿ ಹೇಳಿದೆ. ಸ್ಟೌವ್ ಒರೆಸುತ್ತಿದ್ದಳು. ಒರೆಸುತ್ತಲೇ ಇದ್ದಳು.

ಮಾರ್ಚ್ 24, ಸೋಮವಾರ, ಬೆಳಿಗ್ಗೆ 10.20

ಮೀಟಿಂಗ್ ಕೋಣೆಯ ಹೊರಗೆ, ಬೆಂಚಿನ ಮೇಲೆ. ಸರ್ಟಿಫಿಕೇಟ್ ಒಳಗಿದ್ದಾನೆ, ಅರ್ಧ ಗಂಟೆಯಾಯಿತು. ಮುಂದಿನ ಸರದಿ ನನ್ನದು. ಮ್ಯಾನೇಜರ್ ಎರಡು ಸಲ ನನ್ನ ಮುಂದೆಯೇ ಹಾದುಹೋದರು. ಪತ್ರದ ಸುದ್ದಿ ಮುಟ್ಟಿದೆ. ನನ್ನನ್ನು ನೋಡಿದರೆ ಗೋಡೆ ನೋಡಿದ ಹಾಗೆ ನೋಡುತ್ತಾರೆ.

ಎದುರಿನ ಬೆಂಚಿಗೆ ತಂಗಿ ಬಂದು ಕೂತಳು. ಅವಳನ್ನೂ ಕರೆದಿದ್ದಾರೆ. ಜೊತೆಗೆ ಒಬ್ಬ ಹೆಂಗಸು— ಮೂವತ್ತೈದಿರಬಹುದು, ಕೈಯಲ್ಲಿ ಫ್ಲಾಸ್ಕ್, ಮಡಿಲಲ್ಲಿ ಫೈಲು. ಕೇಳದೆಯೇ ಗೊತ್ತಾಯಿತು. ಡ್ರೈವರನ ಹೆಂಡತಿ.

ಏನು ಮಾಡಬೇಕೆಂದು ತೋಚದೆ ಇದನ್ನು ಬರೆಯುತ್ತ ಕೂತೆ. ಆಕೆ ಬಾಗಿ, ಮೆಲ್ಲಗೆ, ಬಸ್ ಸ್ಟಾಪಿನಲ್ಲಿ ಪಕ್ಕದವರನ್ನು ಮಾತಾಡಿಸುವ ಹಾಗೆ ಕೇಳಿದಳು—

"ನೀವೂ ಅದಕ್ಕೇ ಬಂದಿದೀರಾ ಅಕ್ಕ? ನಿಮ್ ಮನೇಲಿ ಯಾರ ಚಿತ್ರ ಹೋಯ್ತು?"

ಐದು ದಿನದಲ್ಲಿ ಮೊದಲ ಸಲ ತಂಗಿ ತಲೆಯೆತ್ತಿ ನನ್ನನ್ನು ನೋಡುತ್ತಿದ್ದಾಳೆ. ಸಹಾಯಕ್ಕೆ ಬರುವ ಕಣ್ಣಲ್ಲ ಅದು. ಕಾಯುತ್ತಿರುವ ಕಣ್ಣು.

ಒಳಗಿನವರಿಗೆ ಕಾಗದ ಕೊಟ್ಟಾಗಿದೆ, ಅದು ಸುಲಭ. ಈಕೆಗೆ—