ಗೌರಿ, ನಿನ್ನ ಕಾಯಿಲೆಗೆ ಅದರದೇ ಹೆಸರು ಬಂತು

ನನ್ನ ಮನೆಯಾಕೆ ಗೌರಿಗೆ,

ಕೌಲ್ ಬಜಾರಿನ ನಮ್ಮ ಒಂಟಿ ಕೋಣೆ ನೆನಪಿದೆಯೇ? ಕನ್ನಡಿಯ ಮುಂದೆ ನಿಂತು ನನ್ನ ಬಯಲಾಟದ ರಾಕ್ಷಸನ ಮಾತು ಒಪ್ಪಿಸುತ್ತಿದ್ದೆ: “ಎಲೈ ನಾರೀ! ಸೀಳಿ ಬಿಸಾಡುವೆನು!” ನೀನು ರೊಟ್ಟಿ ಬಡಿಯುತ್ತಲೇ, “ಸಣ್ಣ ದನಿಲೆ ಸೀಳ್ರಿ ಮಾರಾಯ್ರ, ಬಾಜೂ ಮನಿ ಕೂಸು ಮಲಗೇತಿ” ಎಂದು ನಗುತ್ತಿದ್ದೆ.

ಆಮೇಲೆ ನಿನ್ನ ತೋಳಿನ ಮೇಲೆ ನೀಲಿ ಕಲೆಗಳೆದ್ದವು. ಕೊಡ ತಾಗಿದರೂ ಕಲೆ, ಬಳೆ ಒತ್ತಿದರೂ ಕಲೆ. ಓಣಿಯವರು ನನ್ನ ಅಬ್ಬರ ಕೇಳಿದ್ದರು, ನಿನ್ನ ತೋಳು ನೋಡಿದರು. ಕಥೆ ಕಟ್ಟಲು ಇನ್ನೇನು ಬೇಕು? ಗಂಡ ಹೊಡೆಯುತ್ತಾನೆಂಬ ಸುದ್ದಿ ಸಿರುಗುಪ್ಪ ದಾಟಿ, ಕೆಂಚನಗುಡ್ಡದ ನಿನ್ನ ತವರು ಮುಟ್ಟಿತು. ನೀನು ಅಲ್ಲವೆಂದಷ್ಟೂ ನಿನ್ನಪ್ಪ ಹೌದೆಂದೇ ನಂಬಿದರು.

ನೀನು ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿದ ದಿನ ಗುಮಾಸ್ತ ಕೊಟ್ಟ ಚೀಟಿಯಲ್ಲಿ ಒಂದೇ ಮಾತು: ರಕ್ತಹೀನತೆ. ಮಾವ ಅದನ್ನು ಓದಿಸಿಕೊಂಡು ಗುಡುಗಿದರು: “ಹೊಡದಿದ್ದು ಸಾಲದ್ದಕ್ಕ ಕೂಳೂ ಹಾಕಿಲ್ಲಲೇ! ನನ್ನ ಮಗಳ ಮಣ್ಣಿಗೆ ಬಂದಿ ಅಂದ್ರ ಕಾಲು ಮುರೀತೀನಿ!” ನಿನ್ನನ್ನು ಗಾಡಿಯಲ್ಲಿ ಒಯ್ದುಬಿಟ್ಟರು. ಇಡೀ ಬಯಲಿಗೆ ಕೇಳುವ ದನಿಯವನು ನಾನು, ಅವತ್ತು ಗಾಡಿಯ ಹಿಂದೆ ಊರ ಅಂಚಿನವರೆಗೆ ನಡೆದು ಮರಳಿದೆ.

ಮೊನ್ನೆ ಕುರುಗೋಡಿನ ಆಟ ಮುಗಿಸಿ ಬಂದೆ. ಮನೆಯಲ್ಲಿ ಎಷ್ಟು ಕೂಗಿದರೂ ಬೈಯುವವರಿಲ್ಲ. ಅದಕ್ಕೇ ಮನೆಯಲ್ಲಿ ಕೂಗುವುದನ್ನೇ ಬಿಟ್ಟಿದ್ದೇನೆ.

ಈಗ ಸುದ್ದಿ ಕೇಳು! ರೋಗಗಳಿಗೆ ನಂಬರು ಹಚ್ಚುವ ಹೊಸ ಪುಸ್ತಕ ಆಸ್ಪತ್ರೆಗೆ ಬಂದಿದೆ. ನಾನು ಹೋಗಿ, ನಿನ್ನ ಕಾಗದ ಮತ್ತೊಮ್ಮೆ ನೋಡಿರೆಂದು ಕೈಮುಗಿದೆ. ಹೊಸ ಗುಮಾಸ್ತ ನಿನ್ನ ಹಳೇ ಕಾಗದ ತೆಗೆದ. ಡಾಕ್ಟರು ಎರಡು ರೋಗ ಬರೆದಿದ್ದರಂತೆ. ಎರಡೂ ರಕ್ತದ್ದೇ ಎಂದು ಹಿಂದಿನ ಗುಮಾಸ್ತ ರಕ್ತಹೀನತೆ ಒಂದಕ್ಕಷ್ಟೇ ನಂಬರು ಹಾಕಿದ್ದ. “ಹಂಗ ಮಾಡಂಗಿಲ್ಲರೀ. ಒಳಗ ರಕ್ತ ಸೋರಿ ಕಡಿಮಿ ಆಗೇತಿ. ಸೋರಿಸಿದ ರೋಗಾನ ಮೊದಲು ಬರೀಬೇಕು. ಪರ್ಪುರಾ, ಮೈಮ್ಯಾಲೆ ನೀಲಿ ಕಲಿ ಏಳೋ ರೋಗ. ಅದರ ನಂಬರೇ ಬ್ಯಾರೆ,” ಎಂದು ತಿದ್ದಿಸಿಕೊಟ್ಟ.

ಡಾಕ್ಟರು ಮಾವನನ್ನು ಕರೆಸಿ ಹೇಳಿದರು: “ಅದು ಹೊಡತದ ಕಲೆ ಅಲ್ಲ, ಯಜಮಾನ್ರ. ಮೈಯೇ ತನ್ನ ರಕ್ತದ ಕಣಾನ ವೈರಿ ಅಂತ ತಿಳದು ಕೊಲ್ಲತೈತಿ ಅಂತ ಈಗೀಗ ಗೊತ್ತಾಗಾಕ ಹತ್ತೇತಿ.”

ಮಾವ ರುಮಾಲು ಬಿಚ್ಚಿ, ಮತ್ತೆ ಸುತ್ತಿಕೊಂಡರು. ನನ್ನ ಮುಖ ನೋಡದೆ, “ಸೋಮವಾರ ಬರ್ರಿ” ಎಂದರು. ‘ಲೇ’ ಎನ್ನಲಿಲ್ಲ, ಗೌರಿ.

ಬರುತ್ತೇನೆ. ನಿನ್ನನ್ನು ಮಣ್ಣು ಮಾಡಿದ ಹೊಳೆದಂಡೆಯ ಆ ಹೊಲಕ್ಕೆ, ಬಿಲ್ವಪತ್ರೆ ಹಿಡಿದು, ಮೊದಲ ಸಲ. ನಿನ್ನ ಹೆಸರು ಹಿಡಿದು ಕರೆಯುತ್ತೇನೆ. ಬಾಜೂ ಮನೆಯ ಕೂಸು ಏಳದಷ್ಟು ಸಣ್ಣ ದನಿಯಲ್ಲಿ.