ಸುಣ್ಣದ ಅಂಕಿ ಬರೆದ ಹನ್ನೊಂದು ಕಲ್ಲು

ಗುಡ್ನಾಪುರ
ಗುರುವಾರ, ೯-೩-೧೯೬೧

ತಮ್ಮ ಮಧುಕೇಶ್ವರನಿಗೆ ಅಕ್ಕನ ಆಶೀರ್ವಾದ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ಪದ್ಧತಿ. ಬರೆದಿದ್ದೇನೆ ಅಂದುಕೋ. ಉಮ್ಮಚಗಿ ಶಾಲೆಗೆ ವರ್ಗವಾದ ಮೇಲೆ ನಿನ್ನ ಊಟದ ಪಾಡು ಹೇಗೆ? ಶೇಂಗಾ ಚಟ್ನಿಪುಡಿ ಮುಗಿದಿರಬೇಕು. ನೋಡು, ಹೇಳಬೇಕಾದ್ದು ಬಿಟ್ಟು ಚಟ್ನಿಯ ಮಾತು ಆಡುತ್ತಿದ್ದೇನೆ. ನಮ್ಮ ಕೆರೆಹೊಲದ ಬದುವಿನ ಮೇಲಿದ್ದ ನಿನ್ನ ಕಲ್ಲುಗಳು ಹೋದವು, ತಮ್ಮಾ. ವೀರಗಲ್ಲು ಹತ್ತು, ಅಕ್ಷರವಿದ್ದ ಶಾಸನದ ಕಲ್ಲು ಒಂದು. ಹನ್ನೊಂದೂ ಹೋದವು.

ಸಿಟ್ಟಾಗಬೇಡ, ಪೂರ್ತಿ ಓದು. ದೀಪಾವಳಿ ಹೊತ್ತಿಗೆ ನೀನೇ ಬರೆದಿದ್ದೆ. ಧಾರವಾಡದಿಂದ ಪ್ರಾಚ್ಯವಸ್ತು ಇಲಾಖೆಯ ಸಾಹೇಬರು ನೋಡಲು ಬರುತ್ತಾರೆ, ನಾನು ಕಳಿಸಿದ ಪಟ್ಟಿಯ ಜೊತೆ ತಾಳೆ ಹಾಕಲು ಅನುಕೂಲವಾಗಲಿ, ಒಂದೊಂದು ಕಲ್ಲಿಗೂ ಸುಣ್ಣದಲ್ಲಿ ಅಂಕಿ ಬರೆದಿಡು ಅಂತ. ನಾನು ಸೆರಗು ಸಿಕ್ಕಿಸಿಕೊಂಡು ಹೋಗಿ ಬರೆದೆ. ಎಂಟರ ಅಂಕಿ ಓರೆಯಾಯಿತೆಂದು ಒರೆಸಿ ಮತ್ತೆ ಬರೆದೆ. ಏನು ಹುರುಪು ನನ್ನದು! ಮಾಸ್ತರನ ಅಕ್ಕ ಈಗ ಕಲ್ಲಿಗೂ ಹಾಜರಿ ಹಾಕ್ತಾಳ ಅಂತ ಓಣಿಯ ಹೆಂಗಸರೆಲ್ಲ ನಕ್ಕರು. ನಗಲಿ ಅಂದೆ. ನಾಲ್ಕು ವರ್ಷ ರಜೆಯೆಲ್ಲ ಕಳೆದು, ಮುಳ್ಳು ಸವರಿ, ನೀನು ಅವನ್ನು ಹುಡುಕಿದ್ದು ನನಗೆ ಗೊತ್ತಿಲ್ಲವೇ?

ಈಗ ಬನವಾಸಿ ರಸ್ತೆಯ ಹಳ್ಳಕ್ಕೆ ಮೋರಿ ಕಟ್ಟುತ್ತಿದ್ದಾರೆ. ಕಲ್ಲು ಒದಗಿಸುವ ಕೆಲಸ ನಿನ್ನ ಭಾವನವರು ಹಿಡಿದಿದ್ದಾರೆ. ಹೊಲದ ಕಾಡುಗಲ್ಲು ಖಾಲಿಯಾದರೆ ಉಳಲು ಸಲೀಸು ಅನ್ನುವುದು ಅವರ ಲೆಕ್ಕ. ಆ ಕೆಲಸದಲ್ಲಿ ಒಂದು ರೂಢಿ ಇದೆ, ನನಗೇನು ಗೊತ್ತು! ಮೇಸ್ತ್ರಿ ಅಳತೆ ನೋಡಿ ಒಪ್ಪಿದ ಕಲ್ಲಿಗೆ ಸುಣ್ಣದಲ್ಲಿ ಅಂಕಿ ಹಾಕುತ್ತಾನಂತೆ. ಅಂಕಿ ಇದ್ದದ್ದು ಗಾಡಿಗೆ, ಇಲ್ಲದ್ದು ಅಲ್ಲೇ. ಹಿರಿಯ ಮಗಳ ಬಾಣಂತನಕ್ಕೆಂದು ನಾನು ನಾಲ್ಕು ದಿನ ಶಿರಸಿಯಲ್ಲಿದ್ದಾಗ ಕಲ್ಲುಕುಟಿಗ ಕೆರಿಯನ ಗುಂಪು ಬಂದಿದೆ. ಪಕ್ಕದ ಕಾಡುಗಲ್ಲನ್ನು ಕಣ್ಣೆತ್ತಿಯೂ ನೋಡದೆ ನಾನು ಬರೆದವನ್ನೇ ಹೇರಿಕೊಂಡು ಹೋಗಿದ್ದಾರೆ.

ಊರಿಗೆ ಬಂದು ನೋಡಿದರೆ ಬದು ಬರಿದಾಗಿತ್ತು. ಚೀಲವನ್ನು ಅಲ್ಲೇ ಒಗೆದು ಹಳ್ಳಕ್ಕೆ ಓಡಿದೆ. ಬಾಯಿಗೆ ಬಂದಂತೆ ಬೈದೆ. ಕೆರಿಯ ಸುತ್ತಿಗೆ ಕೆಳಗಿಟ್ಟು, “ನಂಬರ ನೀವ ಹಾಕಿದ್ದಂತಲ್ರಿ ಅವ್ವಾರ. ನಾವು ನಂಬರ ನೋಡಿ ಒಡದ್ವಿ. ಬ್ಯಾಡಾಗಿತ್ತಂದ್ರ ಯಾಕ ಬರದ್ರಿ?” ಅಂದ. ಅವನು ಹೇಳಿದ್ದರಲ್ಲಿ ತಪ್ಪೇನಿದೆ?

ಭಾವನವರಿಗೆ ಗೊತ್ತಿರಲಿಲ್ಲವೇ ಎಂದು ಕೇಳುತ್ತೀಯ. ಮೊದಲ ಗಾಡಿ ಹೋಗುವಾಗ ಗೊತ್ತಿರಲಿಲ್ಲ. ಎರಡನೆಯದು ಹೋಗುವಾಗ ಗೊತ್ತಿತ್ತು. ಒಡೆದದ್ದು ಒಡೆದೇ ಹೋಯಿತು, ಮೋರಿ ಅರ್ಧಕ್ಕೆ ನಿಲ್ಲಿಸಲಿಕ್ಕೆ ಆಗೂದಿಲ್ಲ ಅಂದರು. ಮೂರು ದಿನ ಅವರ ಜೊತೆ ಮಾತು ಬಿಟ್ಟೆ. ಬಿಟ್ಟು ಏನು ಮಾಡಿದೆ? ರೊಟ್ಟಿ ಬಡಿಯುವುದನ್ನು ಬಿಟ್ಟೆನೇ? ದಿನಾ ಬಡಿದು ಹಾಕಿದೆ.

ಮೊನ್ನೆ ಮೋರಿಯ ಕೆಳಗೆ ಬಗ್ಗಿ ಹೋಗಿ ಹುಡುಕಿದೆ. ಕಲ್ಲನ್ನೆಲ್ಲ ಎರಡೆರಡು ಅಡಿಗೆ ಸೀಳಿದ್ದಾರೆ, ಕೆತ್ತಿದ ಮುಖವೆಲ್ಲ ಗಾರೆಯೊಳಗೆ. ಒಂದೇ ಒಂದು ಕಡೆ ಕುದುರೆಯ ಹಿಂಗಾಲು ಎರಡು, ತಲೆಕೆಳಗಾಗಿ ಕಂಡವು. ಶಾಸನದ ತುಂಡು ಸಿಗಲಿಲ್ಲ. ಅದರ ಅಚ್ಚನ್ನಾದರೂ ಕಾಗದದ ಮೇಲೆ ತೆಗೆದಿದ್ದೆಯಾ ಅಂದರೆ, ಅದನ್ನೂ ನೀನು ಸಾಹೇಬರು ಬಂದ ಮೇಲೆ ಎಂದು ಬಿಟ್ಟಿದ್ದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ನಿನಗೆ ಹೇಳುತ್ತಿಲ್ಲ, ನನಗೇ ಹೇಳಿಕೊಳ್ಳುತ್ತಿದ್ದೇನೆ.

ನನ್ನದೊಂದು ಮಾತು ನಡೆಸಿಕೊಡು. ಧಾರವಾಡಕ್ಕೆ ಇನ್ನು ಕಾಗದ ಬರೆಯಬೇಡ. ಈ ಕಲ್ಲಿನ ಸುದ್ದಿಯನ್ನೇ ಎತ್ತಬೇಡ. ಯಾಕೆಂದು ಕೇಳಬೇಡ. ಯುಗಾದಿಗೆ ಬಂದರೆ ಹೋಳಿಗೆ ಮಾಡುತ್ತೇನೆ. ಬಾರದಿದ್ದರೂ ನನಗೆ ಅರ್ಥವಾಗುತ್ತದೆ.

ನಿನ್ನ ಮುಖ ನೋಡಲು ಅಂಜುತ್ತಿರುವ ಅಕ್ಕ,
ಅನ್ನಪೂರ್ಣವ್ವ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ಮುಚ್ಚಿಟ್ಟರೆ ಅನ್ನ ಇಳಿಯುವುದಿಲ್ಲ. ಸಾಹೇಬರು ಸೋಮವಾರವೇ ಬಂದು ಹೋದರು. ನಿನ್ನ ಪಟ್ಟಿ ಹಿಡಿದುಕೊಂಡು ಬದುವಿನ ಉದ್ದಕ್ಕೂ ಎರಡು ಸಲ ನಡೆದರು. ಕಲ್ಲು ಇದ್ದದ್ದು ನಿಜವಾದರೆ, ಯಾರು ಒಡೆದರೋ ಅವರ ಮೇಲೆ ಖಟ್ಲೆ ಹೂಡುತ್ತೇವೆ, ಜೈಲಾಗುತ್ತದೆ ಅಂದರು. ಭಾವನವರು ರುಮಾಲು ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದರು. ಸುಳ್ಳು ಹೇಳು ಎಂದು ಅವರು ಹೇಳಲಿಲ್ಲ, ಯಾರೂ ಹೇಳಲಿಲ್ಲ. ನಾನೇ ಮುಂದೆ ಹೋಗಿ, “ಇಲ್ಲಿ ಯಾವ ಕಲ್ಲೂ ಇರಲಿಲ್ರಿ ಸಾಹೇಬರ. ನನ್ನ ತಮ್ಮಗ ಸಣ್ಣಂದಿನಿಂದ ಕಥಿ ಕಟ್ಟೂ ಚಟ ಐತ್ರಿ” ಅಂದೆ. ಅವರು ಅದನ್ನೇ ಬರೆದುಕೊಂಡರು. ನಾನು ಸಹಿ ಹಾಕಿದೆ. ಅದರ ನಕಲು ನಿನ್ನ ಮೇಲಿನವರಿಗೆ ಹೋಗುತ್ತದಂತೆ. ಅವರು ಕರೆದು ಕೇಳಿದರೆ, ಅಕ್ಕ ಹೇಳಿದ್ದೇ ನಿಜ ಎಂದುಬಿಡು ತಮ್ಮಾ.