ಭಾವ ಒಳಗೆಳೆದುಕೊಂಡ ಉಸಿರು

ಅಡಿಸ್ ಅಬಾಬಾ, ಮೇಳದ ಮಳಿಗೆಯಿಂದ

ಅಕ್ಕಾ,
ನಿನ್ನ ಗಂಡನ ಜೊತೆ ವ್ಯಾಪಾರ ಮಾಡಿ ಸಾಕಾಯ್ತು ಕಣೇ! ಜರ್ಮನಿಯ ಹೆಂಗಸೊಬ್ಬಳು ನಮ್ಮ ಚಪ್ಪಲಿ ಮೆಚ್ಚಿ, ಹರಕುಮುರುಕು ಅಮ್ಹಾರಿಕ್‌ನಲ್ಲಿ, "ಎರಡು ಸಾವಿರ ಜೊತೆ ಹೊಲಿದುಕೊಡ್ತೀರಾ?" ಅಂತ ಕೇಳಿದಳಂತೆ. ಮೊಲ್ಲಾ ಭಾವ ಊರಲ್ಲಿ ಮಾಡೋ ಹಾಗೇ, ಹೂಂ ಅನ್ನೋ ಬದಲು 'ಹ್ಹಾ' ಅಂತ ಉಸಿರು ಒಳಗೆಳೆದುಕೊಂಡರು. ಇವರು ಬೆಚ್ಚಿಬಿದ್ದರು ಅಂದುಕೊಂಡು ಅವಳು, "ಪಾಪ, ಇನ್ನೂರೇ ಸಾಕು ಬಿಡಿ" ಅಂದಳಂತೆ! ನಾನು ಕಾಫಿ ತರೋಷ್ಟರಲ್ಲಿ ಉಳಿದದ್ದೆಲ್ಲ ಪಕ್ಕದ ಮಳಿಗೆಯವರ ಪಾಲಾಗಿತ್ತು.

ಸದ್ಯಕ್ಕೆ ಇನ್ನಷ್ಟು ತೊಗಲು ತರಿಸಬೇಡ. ನಿಂತೂ ನಿಂತೂ ನನ್ನ ಕಾಲು ಊದಿದೆ, ಮತ್ತೇನಿಲ್ಲ.

"ನಾಳೆಯಾದರೂ ಬಾಯಿಬಿಟ್ಟು ಹೂಂ ಅಂತೀರಾ, ಭಾವ?" ಅಂತ ಈಗ ತಾನೇ ಕೇಳಿದೆ.

ಮತ್ತೆ 'ಹ್ಹಾ' ಅಂತ ಉಸಿರೆಳೆದರು!

ನಿನ್ನ ತಂಗಿ,
ವುಬಿತ್